ಒಣಗುವ ಶಾಯಿ, ಒಣಗದ ಪುಡಿ

ಮನೆಗೊಂದು ಪ್ರಿಂಟರ್ ಕೊಳ್ಳಬೇಕೆಂದು ಹೊರಟಾಗ ನಾನು ಮೊದಲು ನೋಡಿದ್ದು ಯಂತ್ರದ ಬೆಲೆಯನ್ನೇ. ಆದರೆ ಹಳೆಯ ಇಂಕ್‌ಜೆಟ್ ಕೊಟ್ಟ ಕಾಟ ನೆನಪಾಗಿ, ಲೆಕ್ಕವನ್ನು ಪುಟವೊಂದಕ್ಕೆ ತಗಲುವ ಖರ್ಚಿನಿಂದ ಆರಂಭಿಸಿದೆ. ತಿಂಗಳಿಗೆ ಹತ್ತಿಪ್ಪತ್ತು ಪುಟ ಮಾತ್ರ ಮುದ್ರಿಸುವ ನಮ್ಮ ಮನೆಯಲ್ಲಿ ಆ ಯಂತ್ರದ ಕೂದಲಿಗಿಂತ ಸೂಕ್ಷ್ಮವಾದ ನಳಿಕೆಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತಿತ್ತು, ಅದನ್ನು ಶುಚಿಗೊಳಿಸುವ ಪ್ರತಿ ಸುತ್ತಿನಲ್ಲೂ ಮತ್ತಷ್ಟು ಶಾಯಿ ವ್ಯರ್ಥವಾಗುತ್ತಿತ್ತು. ಹೀಗಾಗಿ ಕಾರ್ಟ್ರಿಡ್ಜಿನ ಬಹುಪಾಲು ಕಾಗದವನ್ನೇ ಕಾಣದೆ ಮುಗಿದುಹೋಯಿತೆಂದು ನನ್ನ ಅನುಮಾನ.

ಶಾಯಿಯ ಬದಲು ಬಳಸುವ ಟೋನರ್ ಎಂಬುದು ಒಣ ಪುಡಿಯಾದ್ದರಿಂದ ಲೇಸರ್ ಪ್ರಿಂಟರಿಗೆ ಈ ತೊಂದರೆಯಿಲ್ಲ. ಸ್ಥಾಯೀವಿದ್ಯುತ್ತಿನಿಂದ ಪುಡಿಯನ್ನು ಸೆಳೆದು ಬಿಸಿಯಿಂದ ಕಾಗದಕ್ಕೆ ಬೆಸೆಯುವ, 1938ರಲ್ಲಿ ಅಮೆರಿಕದ ಸಂಶೋಧಕ ಚೆಸ್ಟರ್ ಕಾರ್ಲ್‌ಸನ್ ಮಾಡಿ ತೋರಿಸಿದ ತತ್ತ್ವವೇ ಇಂದಿಗೂ ಅದರೊಳಗೆ ಕೆಲಸ ಮಾಡುತ್ತಿದೆ. ವಾರಗಟ್ಟಲೆ ಮುಟ್ಟದಿದ್ದರೂ ಮೊದಲ ಪುಟ ಅಚ್ಚುಕಟ್ಟಾಗಿಯೇ ಬರುತ್ತದೆ. ಬಣ್ಣದ ಪುಟಗಳನ್ನು ನಿತ್ಯ ಮುದ್ರಿಸುವವರಿಗೆ ಬಾಟಲಿಯಿಂದ ಶಾಯಿ ತುಂಬಿಸಿಕೊಳ್ಳುವ ಇಂಕ್ ಟ್ಯಾಂಕ್ ಪ್ರಿಂಟರ್ ಮೇಲು, ಆದರೆ ಅದನ್ನು ಆಗಾಗ ಓಡಿಸುತ್ತಲೇ ಇರಬೇಕು.

ಟೋನರ್ ಪೆಟ್ಟಿಗೆಯ ಮೇಲೆ ಬರೆದಿರುವ, ಅದರಿಂದ ಮುದ್ರಿಸಬಹುದಾದ ಪುಟಗಳ ಸಂಖ್ಯೆಯೂ ಸಾಮಾನ್ಯವಾಗಿ ಪುಟದ ಸುಮಾರು 5 ಪ್ರತಿಶತ ಜಾಗದಲ್ಲಿ ಮಾತ್ರ ಅಚ್ಚು ಬೀಳುತ್ತದೆಂಬ ಎಣಿಕೆಯದು. ಅಲ್ಲದೆ, ಯಂತ್ರದ ಜೊತೆಗೇ ಬರುವ ಟೋನರ್ ಹಲವು ಮಾದರಿಗಳಲ್ಲಿ ಅರ್ಧಂಬರ್ಧ ತುಂಬಿದ್ದಾಗಿರುತ್ತದೆ. ಇದನ್ನೆಲ್ಲ ತೂಗಿನೋಡಿ, ಹಾಳೆಯ ಎರಡೂ ಬದಿಗೆ ತಾನಾಗಿ ಮುದ್ರಿಸುವ, ಸ್ಕ್ಯಾನರ್ ಇರುವ ಕಪ್ಪು-ಬಿಳುಪಿನ ಲೇಸರನ್ನೇ ಆರಿಸಿದೆ. ಬಣ್ಣದ ಫೋಟೊ ವರ್ಷಕ್ಕೆ ನಾಲ್ಕು ಬೇಕಾಗಬಹುದು; ಅವನ್ನು ಸ್ಟುಡಿಯೊದಲ್ಲಿ ಮುದ್ರಿಸಿಕೊಂಡರಾಯಿತು.