ಮೀಟರಿನ ಒಂದು ಮಿಣುಕಿಗೆ 1125 ಜೂಲ್

ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ಮಾಡುವವರಿಗೆ, ಅದರಲ್ಲೂ ಬೆಂಗಳೂರಿನ ಶಾಲೆಗಳ ಲ್ಯಾಬ್ ನೋಡಿಕೊಳ್ಳುವವರಿಗೆ, ಕೆಲಸದಲ್ಲಿ ಗಟ್ಟಿಯಾದ ಒಂದು ಮಾತು ಹೇಳಬೇಕು. ಶಕ್ತಿಯ ರೂಪಗಳನ್ನು ಪಟ್ಟಿ ಮಾಡಿಸಿ ಪ್ರಯೋಜನವಿಲ್ಲ. ಚಲನ, ಪ್ರಚ್ಛನ್ನ, ಉಷ್ಣ, ರಾಸಾಯನಿಕ, ವಿದ್ಯುತ್, ಬೆಳಕು, ಶಬ್ದ ಎಂದು ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಇದರಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಜೂಲ್ ಎಣಿಸಿದಾಗ ಮಾತ್ರ ಇವೆಲ್ಲ ಒಂದೇ ನಾಣ್ಯದ ಲೆಕ್ಕ ಎಂದು ಗೊತ್ತಾಗುತ್ತದೆ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ, ಅದನ್ನು ಮೊದಲು ಬಿಡಿಸಿ. ಮನೆಮಾತಿನಲ್ಲಿ ‘ಅವನಿಗೆ ಶಕ್ತಿ ಇದೆ’ ಅಂದರೂ ‘ಬಲ ಇದೆ’ ಅಂದರೂ ‘ಸಾಮರ್ಥ್ಯ ಇದೆ’ ಅಂದರೂ ಒಂದೇ. ಪಾಠದಲ್ಲಿ ಬಲಕ್ಕೆ ನ್ಯೂಟನ್, ಶಕ್ತಿಗೆ ಜೂಲ್, ಸಾಮರ್ಥ್ಯಕ್ಕೆ ವ್ಯಾಟ್. ಒಂದು ಲೀಟರ್ ನೀರಿನ ಬಾಟಲಿ ಕೈಗೆ ಕೊಡಿ. ಹಿಡಿದು ನಿಲ್ಲಲು ಸುಮಾರು 10 ನ್ಯೂಟನ್ ಬಲ ಬೇಕು. ಒಂದು ಮೀಟರ್ ಮೇಲೆತ್ತಿದರೆ ಸುಮಾರು 10 ಜೂಲ್ ಶಕ್ತಿ. ಅದನ್ನೇ ಒಂದು ಸೆಕೆಂಡಿನಲ್ಲಿ ಎತ್ತಿದರೆ 10 ವ್ಯಾಟ್, ಎರಡು ಸೆಕೆಂಡು ತೆಗೆದುಕೊಂಡರೆ 5. ಮೂರು ಪದಗಳ ಗೋಜಲು ಐದು ನಿಮಿಷದಲ್ಲಿ ಬಿಡುತ್ತದೆ.

ಇನ್ನು ಮುಖ್ಯ ಸಾಧನ. ಅದು ಶಾಲೆಯ ಗೋಡೆಯ ಮೇಲೇ ಇದೆ: ವಿದ್ಯುತ್ ಮೀಟರ್. ಅದರ ಮೇಲೆ ಮಿಣುಕುವ ಕೆಂಪು ದೀಪದ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. ಸಿಂಗಲ್ ಫೇಸ್ ಮೀಟರುಗಳಲ್ಲಿ 3200 ಸಾಮಾನ್ಯ, 1600 ಕೂಡ ಉಂಟು. ನಿಮ್ಮದನ್ನು ಓದಿಯೇ ಲೆಕ್ಕ ಹಾಕಿ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 3200ರಿಂದ ಭಾಗಿಸಿದರೆ ಒಂದು ಮಿಣುಕಿಗೆ 1125 ಜೂಲ್. ಮೀಟರಿನ ಸೀಲ್, ವೈರು ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂಬಾರದು. ಎರಡಡಿ ದೂರ ನಿಂತು ಎಣಿಸಿದರೆ ಸಾಕು.

ಮೊದಲು ಕೆಟಲ್. ಬಿಸಿನೀರಿನ ರಾಡ್ ತರಗತಿಗೆ ಬೇಡವೇ ಬೇಡ; ಸ್ವಿಚ್ ಆರಿಸದೆ ನೀರಿಗೆ ಕೈಯಿಟ್ಟರೆ ಪ್ರಾಣಾಪಾಯ. ಕೆಟಲಿಗೆ ಅಳೆದು ಒಂದು ಲೀಟರ್ ನೀರು ಹಾಕಿ. 25 ಡಿಗ್ರಿಯಿಂದ 85ಕ್ಕೆ ಏರಿಸಲು ನೀರಿಗೆ ಬೇಕಾದದ್ದು, ಒಂದು ಡಿಗ್ರಿಗೆ 4186 ಜೂಲಿನಂತೆ, 4186 × 60, ಅಂದರೆ ಸುಮಾರು 2.51 ಲಕ್ಷ ಜೂಲ್, 223 ಮಿಣುಕು. ಎಣಿಕೆ 260 ಬಂತು ಅನ್ನಿ, ದಕ್ಷತೆ ಶೇ. 86. ಉಳಿದದ್ದು ಕೆಟಲಿನ ಲೋಹಕ್ಕೆ ಮತ್ತು ಗಾಳಿಗೆ ಹೋಯಿತು. 85ಕ್ಕೇ ನಿಲ್ಲಿಸುವುದಕ್ಕೆ ಕಾರಣವಿದೆ. ಸುಮಾರು 920 ಮೀಟರ್ ಎತ್ತರದ ನಮ್ಮ ಊರಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅದರ ಹತ್ತಿರ ಹೋದಂತೆ ಆವಿಯಾಗಿ ಹೋಗುವ ಶಕ್ತಿ ಲೆಕ್ಕವನ್ನು ಕೆಡಿಸುತ್ತದೆ.

ತಪ್ಪುವುದು ಎಲ್ಲಿ? ಅದೇ ಮೀಟರಿನಲ್ಲಿ ಫ್ಯಾನು, ಕಂಪ್ಯೂಟರು ಓಡುತ್ತಿರುತ್ತವೆ, ಆ ಮಿಣುಕುಗಳೂ ಸೇರಿಕೊಳ್ಳುತ್ತವೆ. ಮೊದಲು ಕೆಟಲ್ ಹಚ್ಚದೆ ಒಂದು ನಿಮಿಷ ಎಣಿಸಿ, ಕಾಯಿಸಿದ ಅವಧಿಯ ಲೆಕ್ಕದಲ್ಲಿ ಅದನ್ನು ಕಳೆಯಿರಿ. ನೀರು ಕಲಕದೆ ಉಷ್ಣತೆ ಓದಿದರೆ ಮೇಲಿನ ಪದರದ ಬಿಸಿ ಮಾತ್ರ ಸಿಗುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮರದ ಸೌಟಿನಲ್ಲಿ ಕಲಕಿ, ಆಮೇಲೆ ಓದಿ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು, ಕೆಟಲಿನ ತಳದಲ್ಲಿರುವ 1500 ವ್ಯಾಟ್ ನಂಬಿ ಸೆಕೆಂಡಿನಿಂದ ಗುಣಿಸುವುದು. ಆ ಅಂಕಿ 230 ವೋಲ್ಟಿಗೆ. ವೋಲ್ಟೇಜು 210ಕ್ಕೆ ಇಳಿದರೆ ಸಾಮರ್ಥ್ಯ ವರ್ಗದ ಲೆಕ್ಕದಲ್ಲಿ ಬೀಳುತ್ತದೆ, 1250 ವ್ಯಾಟ್ ಉಳಿಯುತ್ತದೆ. ಗಡಿಯಾರ ಮೋಸ ಮಾಡುತ್ತದೆ, ಮಿಣುಕು ಮಾಡುವುದಿಲ್ಲ.

ಈಗ ಸಂಪಿನ ಪಂಪು. ಬೆಂಗಳೂರಿನ ಮಗುವಿಗೆ ಪ್ರಚ್ಛನ್ನ ಶಕ್ತಿ ಎಂದರೆ ತಾರಸಿಯ ಟ್ಯಾಂಕು, ಬೇರೆ ಉದಾಹರಣೆ ಹುಡುಕಬೇಡಿ. 1000 ಲೀಟರ್ ನೀರನ್ನು 15 ಮೀಟರ್ ಏರಿಸಲು 1000 × 9.8 × 15, ಅಂದರೆ 1.47 ಲಕ್ಷ ಜೂಲ್. ಬರೀ 131 ಮಿಣುಕು! ಸಾವಿರ ಲೀಟರನ್ನು ತಾರಸಿಗೆ ಏರಿಸುವ ಕೆಲಸ ಒಂದು ಲೀಟರ್ ಕಾಯಿಸುವುದಕ್ಕಿಂತ ಅಗ್ಗ ಎಂದು ಕಂಡಾಗ ಮಕ್ಕಳು ಲೆಕ್ಕ ತಪ್ಪಿತು ಎಂದು ಅಳಿಸಲು ಹೋಗುತ್ತಾರೆ. ಅಳಿಸಲು ಬಿಡಬೇಡಿ. ಒಂದು ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡುವ ಶಕ್ತಿ ಅದನ್ನು 427 ಮೀಟರ್ ಮೇಲೆತ್ತಬಲ್ಲದು. 1478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಗೆ ಬೆಂಗಳೂರಿನಿಂದ ಒಂದು ಲೀಟರ್ ಏರಿಸುವ ಶಕ್ತಿಯಲ್ಲಿ ಅದು 1.3 ಡಿಗ್ರಿ ಮಾತ್ರ ಬಿಸಿಯಾದೀತು. 1840ರ ದಶಕದಲ್ಲಿ ಜೇಮ್ಸ್ ಜೂಲ್ ಬೀಳುವ ತೂಕದಿಂದ ನೀರು ಕಡೆದು ಉಷ್ಣತೆ ಅಳೆಯಲು ಅಷ್ಟು ಸೂಕ್ಷ್ಮ ಥರ್ಮಾಮೀಟರ್ ಬೇಕಾದದ್ದು ಇದಕ್ಕೇ.

ಎತ್ತರ ಅಳೆಯುವಾಗ ಎಚ್ಚರ. ನೆಲದಿಂದ ಟ್ಯಾಂಕಿನ ತಳಕ್ಕಲ್ಲ. ಸಂಪಿನ ನೀರಿನ ಮಟ್ಟದಿಂದ, ಟ್ಯಾಂಕಿಗೆ ನೀರು ಸುರಿಯುವ ಕೊಳವೆಯ ಬಾಯಿಗೆ. ಇವೆರಡರ ನಡುವೆ ಮೂರು ಮೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತದೆ. ನೀರಿನ ಪ್ರಮಾಣಕ್ಕೆ ಟ್ಯಾಂಕಿನ ಮೇಲಿನ ಅಂಕಿ ನಂಬದೆ, ಸಂಪಿನ ಉದ್ದ, ಅಗಲ ಮತ್ತು ಇಳಿದ ಮಟ್ಟ ಅಳೆಯಿರಿ. ಸಂಪಿನ ಮುಚ್ಚಳ ತೆರೆದು ಕೋಲು ಇಳಿಸುವ ಕೆಲಸ ದೊಡ್ಡವರದ್ದು; ಮಕ್ಕಳು ದೂರ ನಿಂತು ಬರೆದುಕೊಳ್ಳಲಿ.

ಎಣಿಕೆ 131ರ ಬದಲು 400 ಬಂದರೆ ಗಾಬರಿ ಬೇಡ. ಶೇ. 33 ದಕ್ಷತೆ, ಒಂದು ಎಚ್‌ಪಿ ಮೋನೊಬ್ಲಾಕಿಗೆ (ಮೋಟಾರು, ಪಂಪು ಒಂದೇ ಜೋಡಣೆಯಲ್ಲಿರುವಂಥದ್ದು) ನಂಬಬಹುದಾದ ಅಂಕಿಯೇ. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದರೆ ಅರ್ಧ ತರಗತಿ ‘ಶಬ್ದ’ ಎಂದು ಬರೆಯುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಮೀಟರ್ ದೂರದಲ್ಲಿ 80 ಡೆಸಿಬೆಲ್ ಕಿರುಚುವ ಪಂಪು ಎಲ್ಲ ದಿಕ್ಕಿಗೂ ಸೇರಿ ಹೊರಗೆ ಬಿಡುವ ಶಬ್ದ ಶಕ್ತಿ ಸೆಕೆಂಡಿಗೆ ಸುಮಾರು 1.3 ಮಿಲಿಜೂಲ್. ಪಂಪು ಎಳೆಯುವುದು ಸಾವಿರ ಜೂಲ್. ಕಿವಿಗೆ ದೊಡ್ಡದಾಗಿ ಕೇಳಿದ್ದು ಲೆಕ್ಕದಲ್ಲಿ ಕಾಣುವುದೇ ಇಲ್ಲ. ನಿಜವಾದ ಖರ್ಚು ಮೋಟಾರಿನ ತಾಮ್ರದ ಸುರುಳಿಯ ಬಿಸಿ, ನೀರು ತಳ್ಳುವ ಚಕ್ರವಾದ ಇಂಪೆಲ್ಲರಿನೊಳಗಿನ ಸುಳಿ, ಕೊಳವೆಯ ಮೊಣಕೈಗಳ ಘರ್ಷಣೆ. ಕೊನೆಗೆ ಎಲ್ಲವೂ ಉಷ್ಣವೇ.

ರಾಸಾಯನಿಕ ಶಕ್ತಿಗೆ ಒಂದು ಬಿಸ್ಕತ್ತು ಸಾಕು. ಪೊಟ್ಟಣದ ಹಿಂದೆ 100 ಗ್ರಾಂಗೆ 450 ಕಿಲೋಕ್ಯಾಲರಿಯ ಆಸುಪಾಸು ಬರೆದಿರುತ್ತದೆ. 5 ಗ್ರಾಂ ಬಿಸ್ಕತ್ತಿನಲ್ಲಿ 94 ಸಾವಿರ ಜೂಲ್, ಅಂದರೆ 1000 ಲೀಟರ್ ನೀರನ್ನು ಮೂರು ಮಹಡಿ ಏರಿಸುವಷ್ಟು. ತಿಂದವರ ಸ್ನಾಯು ಅದರಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ಇಳಿಸೀತು ಎಂಬುದನ್ನೂ ಹೇಳಿ.

ಸಮಯ ಉಳಿದರೆ, ಸಂಪಿಗೆ ಬಂದ ಕಾವೇರಿ ನೀರಿನ ಹಿಂದಿನ ದಾರಿ ಹಿಡಿಯಿರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ತಳ್ಳಿ, ಸುಮಾರು 100 ಕಿಲೋಮೀಟರ್ ದಾಟಿಸಿ ತರುತ್ತಾರೆ. ಪಂಪುಗಳು ಕೊಡಬೇಕಾದ ಒಟ್ಟು ತಳ್ಳು ಸುಮಾರು 500 ಮೀಟರ್ ಎತ್ತರಕ್ಕೆ ಸಮ. ಏರಿನ ಜೊತೆ ಕೊಳವೆಯ ಘರ್ಷಣೆಯೂ ಇದರಲ್ಲಿ ಸೇರಿದೆ. 1000 ಲೀಟರಿಗೆ 49 ಲಕ್ಷ ಜೂಲ್, 1.36 ಯೂನಿಟ್. ಪಂಪಿನ ದಕ್ಷತೆ ಶೇ. 75 ಎಂದು ಹಿಡಿದರೆ 1.8 ಯೂನಿಟ್. ಅಲ್ಲೇ ಹತ್ತಿರದ ಶಿವನಸಮುದ್ರದಲ್ಲಿ ಇದೇ ನದಿ ಧುಮುಕುವ ಶಕ್ತಿಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಕರೆಂಟು ಬಂತು. ಮಕ್ಕಳ ಪುಸ್ತಕದಲ್ಲಿ ಪಂಪಿನ ಲೆಕ್ಕದ ಕೆಳಗೆ ಆ 1.8 ಯೂನಿಟನ್ನೂ ಮಿಣುಕಿನಲ್ಲೇ ಬರೆಸಿ: 5760.