ಉರಿಯುವ ಅಂಗಾಲಿಗೆ ಚೀನೀ ಕಷಾಯ, ಜೊತೆಗೆ ಮಾತ್ರೆ: ಎಲ್ಲಿ ಎಡವಟ್ಟಾಗುತ್ತದೆ

ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಕೆಟ್ಟಾಗ ಬರೆದುಕೊಡುವ ಪ್ರೆಗಾಬಾಲಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ನೋವು ತಗ್ಗಿಸುತ್ತವೆ, ಅಷ್ಟೆ. ಹಾಳಾದ ನರವನ್ನು ಮತ್ತೆ ಬೆಳೆಸುವುದಿಲ್ಲ. ಜನ ಚೀನೀ ವೈದ್ಯದತ್ತ ತಿರುಗುವುದಕ್ಕೆ ಇದೇ ಕಾರಣ.

ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹುವಾಂಗ್‌ಚಿ ಗುಯಿಜಿ ವುವು ಟಾಂಗ್ ಎಂಬ ಕಷಾಯ. ಚೀನಾದ ಪೂರ್ವ ಹಾನ್ ರಾಜವಂಶದ ಕಾಲದ ವೈದ್ಯ ಜಾಂಗ್ ಜೋಂಗ್‌ಜಿಂಗ್ ಹೇಳಿದ ಮಿಶ್ರಣ ಇದು. ಹುವಾಂಗ್‌ಚಿ ಬೇರು, ದಾಲ್ಚಿನ್ನಿಯ ಎಳೆ ಕಡ್ಡಿ, ಪಿಯೋನಿ ಬೇರು, ಶುಂಠಿ, ಒಣಗಿದ ಬೋರೆಹಣ್ಣು, ಹೀಗೆ ಐದೇ ವಸ್ತು. ಇದರ ಜೊತೆ ಬಿ12 ವರ್ಗದ ಮೀಕೋಬಾಲಮಿನ್ ಕೊಡುವುದೂ ಅಲ್ಲಿ ರೂಢಿ. ಕೆಲಸ ಮಾಡುತ್ತದೆಯೇ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಅಳೆದು ನೋಡುವ ಕೋಕ್ರೇನ್ ಸಂಸ್ಥೆಯ 2013ರ ವಿಮರ್ಶೆ ಇಂಥ ಗಿಡಮೂಲಿಕೆಗಳ 49 ಪ್ರಯೋಗಗಳನ್ನು ಜಾಲಾಡಿತು. ಬಹುಪಾಲು ಪ್ರಯೋಗಗಳ ಗುಣಮಟ್ಟ ಕಳಪೆ, ಹಾಗಾಗಿ ಪರಿಣಾಮವಾಗಲಿ ಸುರಕ್ಷತೆಯಾಗಲಿ ಸಾಬೀತಾಗಿಲ್ಲ ಎಂದಿತು. ಆದ್ದರಿಂದ ಕಷಾಯ ಮಾತ್ರೆಯ ಜೊತೆಗಿರಬಹುದು, ಮಾತ್ರೆಯ ಜಾಗದಲ್ಲಿ ಅಲ್ಲ. ಪ್ರೆಗಾಬಾಲಿನ್ ಬಿಡುವುದೇ ಆದರೂ ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು.

‘ಎರಡರ ನಡುವೆ ಎರಡು ಗಂಟೆ ಬಿಟ್ಟರೆ ಸಾಕು’ ಎನ್ನುವ ಸಲಹೆ ಎಲ್ಲೆಡೆ ಕೇಳುತ್ತದೆ. ಹೊಟ್ಟೆಯಲ್ಲಿ ಒಂದು ಇನ್ನೊಂದಕ್ಕೆ ಅಂಟಿಕೊಳ್ಳುವುದನ್ನು ಅದು ತಡೆಯಬಹುದು. ರಕ್ತಕ್ಕೆ ಸೇರಿದ ಮೇಲೆ ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ, ಗಡಿಯಾರ ನೋಡುವುದಿಲ್ಲ. ಚೀನೀ ವೈದ್ಯದ ಡಾನ್‌ಶೆನ್, ಡಾಂಗ್‌ಗುಯಿ ಬೇರುಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಏರಿಸುತ್ತವೆ. ರಕ್ತಸ್ರಾವದ ಅಪಾಯ ಹೆಚ್ಚಿಸುವ ಗುಣ ಡುಲಾಕ್ಸೆಟಿನ್‌ಗೂ ಇದೆ. ಮೂರೂ ಸೇರಿದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ನೋಡುವ ಐಎನ್‌ಆರ್ ಪರೀಕ್ಷೆಯನ್ನು ಬೇಗಬೇಗ ಮಾಡಿಸಬೇಕು.

ಮೀನಖಂಡದ ಸೆಳೆತಕ್ಕೆ ಕೊಡುವ ಶಾವೋಯಾವೊ ಗಾನ್‌ಚಾವೊ ಟಾಂಗ್‌ನಲ್ಲಿ ಅತಿಮಧುರವಿದೆ. ಅದು ದೇಹದಲ್ಲಿ ನೀರು ನಿಲ್ಲಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಪ್ರೆಗಾಬಾಲಿನ್‌ನಿಂದಲೂ ಕಾಲು ಬಾಯುತ್ತದೆ, ಬಿಪಿಗೆಂದು ಥಯಾಜೈಡ್ ನುಂಗುತ್ತಿದ್ದರೆ ಪೊಟ್ಯಾಸಿಯಂ ಇನ್ನೂ ಕುಸಿಯುತ್ತದೆ. ಸೆಳೆತ ನಿಲ್ಲಲೆಂದು ಕುಡಿದ ಕಷಾಯದಿಂದ ಸ್ನಾಯು ಸೋಲುವುದು ಹೀಗೆ.

ಅಕೋನೈಟ್ (ವತ್ಸನಾಭಿ ಜಾತಿ) ಬೇರಿನ ಫೂಜಿ, ಚುವಾನ್‌ವು ಇನ್ನೂ ಅಪಾಯಕಾರಿ. ಸಂಸ್ಕರಿಸಿದ ಬೇರನ್ನೂ ಉಳಿದವುಗಳಿಗಿಂತ ಮೊದಲೇ ಹಾಕಿ ಅರ್ಧದಿಂದ ಒಂದು ಗಂಟೆ ಕುದಿಸಬೇಕು. ಕುದಿ ಕಡಿಮೆಯಾದರೆ ವಿಷ ಉಳಿಯುತ್ತದೆ. ವಿಷವೇರುವ ಮೊದಲ ಲಕ್ಷಣ ತುಟಿ, ನಾಲಿಗೆ, ಕೈಕಾಲು ಜೋಮು ಹಿಡಿಯುವುದು. ನರದ ಕಾಯಿಲೆಯಿರುವವರು ‘ಹಳೆಯ ಜೋಮೇ’ ಅಂದುಕೊಂಡು ಕೂತರೆ ಹೃದಯದ ಬಡಿತ ಹದಗೆಡುತ್ತದೆ. ಅಮಿಟ್ರಿಪ್ಟಿಲಿನ್ ಜೊತೆಗಂತೂ ಈ ಬೇರು ಬೇಡವೇ ಬೇಡ.

ಸಿದ್ಧ ಗುಳಿಗೆಗಳ ಲೇಬಲ್ ಪೂರ್ತಿ ಓದಿ. ಚೀನಾದ ಶಿಯಾವೋಕೆ ಗುಳಿಗೆಯಲ್ಲಿ ಗಿಡಮೂಲಿಕೆಯ ಜೊತೆ ಸಕ್ಕರೆ ಇಳಿಸುವ ಅಲೋಪತಿ ಔಷಧಿ ಗ್ಲಿಬೆನ್‌ಕ್ಲಮೈಡ್ ಇದೆ: 10 ಗುಳಿಗೆಗೆ 2.5 ಮಿ.ಗ್ರಾಂ. ಈಗಾಗಲೇ ಅದೇ ವರ್ಗದ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಇದು ಎರಡು ಡೋಸ್ ಆದಂತೆ. ಕಿಡ್ನಿ ಕುಂದಿದ್ದರೆ ಸಕ್ಕರೆ ಕುಸಿದದ್ದು ಗಂಟೆಗಟ್ಟಲೆ ಮೇಲೇಳುವುದಿಲ್ಲ. ಜೇನಿನಲ್ಲಿ ಕಟ್ಟಿದ ದೊಡ್ಡ ಗುಳಿಗೆ, ಸಕ್ಕರೆ ಬೆರೆತ ಹರಳುಪುಡಿ ಸಿಗುತ್ತವೆ, ಅವೂ ಲೆಕ್ಕಕ್ಕೆ ಬರಬೇಕು. ಅರಿಸ್ಟೊಲೋಕಿಯಾ ಜಾತಿಯ ಯಾವ ಬೇರೂ ಬೇಡ, ಕಿಡ್ನಿ ಹೋಗುತ್ತದೆ.

ಗಿಡಮೂಲಿಕೆ ನೀರಿನಲ್ಲಿ ಕಾಲು ಅದ್ದುವುದು ನಿರಪಾಯ ಅನ್ನಿಸುತ್ತದೆ. ಆದರೆ ಸ್ಪರ್ಶ ಸತ್ತ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದು ಹುಣ್ಣಾದ ಮೇಲೇ ಗೊತ್ತಾಗುವುದು. ನೀರಿಗೆ ಥರ್ಮಾಮೀಟರ್ ಹಾಕಿ, 37 ಡಿಗ್ರಿ ದಾಟಬಾರದು, ಹತ್ತು ನಿಮಿಷ ಸಾಕು. ಬೆರಳ ಸಂದು ಒರೆಸಿ. ಗಾಯವಿದ್ದರೆ ಅದ್ದಲೇಬೇಡಿ.

ಕಷಾಯ ಶುರು ಮಾಡುವ ಮೊದಲು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಪೊಟ್ಯಾಸಿಯಂ ನೋಡಿಸಿ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಬಿ12 ಕೂಡ, ಅದರ ಕೊರತೆಯೂ ಇದೇ ಥರ ಜೋಮು ತರುತ್ತದೆ. ಒಮ್ಮೆಗೆ ಒಂದೇ ಹೊಸ ಔಷಧಿ ಸೇರಿಸಿ. ಉರಿ ತಾನಾಗಿ ಮಾಯವಾದರೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ (ಮೊನೊಫಿಲಮೆಂಟ್) ಪಾದದ ಸ್ಪರ್ಶ ಪರೀಕ್ಷಿಸಿಕೊಳ್ಳಿ: ಎಳೆ ಒತ್ತಿದ್ದು ತಿಳಿಯದಿದ್ದರೆ ನೋವು ಹೋದದ್ದು ನರ ಪೂರ್ತಿ ಸತ್ತಿದ್ದರಿಂದಲೂ ಇರಬಹುದು.