ಕೊಲಂಬಿಯಾ ನದಿಯ ಹಳೆಯ ಹೆದ್ದಾರಿ: ಬಸ್ಸಿನಲ್ಲಿ ಹೋಗಿ ಕೆಟ್ಟೆವು, ಕಾರಿನಲ್ಲಿ ಹೋಗಿ ಕಂಡೆವು

ಅಮೆರಿಕದ ಓರೆಗಾನ್ ರಾಜ್ಯದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಊರಿನಿಂದ ಹಿರಿಯರು ಬಂದರೆ, ಮೊದಲ ಶನಿವಾರವೇ ಅವರನ್ನು ಮಲ್ಟ್‌ನೋಮಾ ಜಲಪಾತಕ್ಕೆ ಕರೆದುಕೊಂಡು ಹೋಗುವುದು ಇಲ್ಲಿನ ನಮ್ಮವರಲ್ಲಿ ಒಂದು ರೂಢಿಯೇ ಆಗಿಬಿಟ್ಟಿದೆ. ಕಳೆದ ಜೂನ್ ತಿಂಗಳಿನಲ್ಲಿ ಶಿವಮೊಗ್ಗದಿಂದ ಬಂದ ಅತ್ತೆ ಮಾವನವರನ್ನು ನಾವೂ ಹಾಗೆಯೇ ಕರೆದೊಯ್ದು, ಇಡೀ ದಿನ ಕಳೆದುಕೊಂಡು, ನೋಡಬೇಕಾದದ್ದನ್ನು ಬಿಟ್ಟು ಮಿಕ್ಕಿದ್ದನ್ನು ನೋಡಿಕೊಂಡು ಬಂದೆವು. ಅದೇ ತಪ್ಪನ್ನು ಬೇರೆಯವರು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ಜಲಪಾತದ ದೊಡ್ಡ ವಾಹನ ನಿಲ್ದಾಣಕ್ಕೆ ಹಗಲು ಹೊತ್ತು ಹೋಗಲು ಮುಂಗಡವಾಗಿ ಸಮಯದ ಪರ್ಮಿಟ್ ಪಡೆದಿರಬೇಕು. ನಾವು ವಿಚಾರಿಸುವಷ್ಟರಲ್ಲಿ ಅದು ಮುಗಿದಿತ್ತು. ಸರಿ, ಬಸ್ಸಿದೆಯಲ್ಲ ಎಂದು ನಾಲ್ವರೂ ಪೋರ್ಟ್‌ಲ್ಯಾಂಡಿನ ಪೂರ್ವದ ಬಸ್ ನಿಲ್ದಾಣಕ್ಕೆ ಹೋದೆವು. ಹತ್ತೂವರೆಗೆ ಬರಬೇಕಾದ ಬಸ್ಸು ಹನ್ನೊಂದೂ ಮುಕ್ಕಾಲಿಗೆ ಬಂದಿತು, ಮತ್ತು ಬರುವಾಗಲೇ ಬಹುಪಾಲು ತುಂಬಿತ್ತು. ಅತ್ತೆಯವರಿಗೆ ಒಬ್ಬ ಹುಡುಗ ಜಾಗ ಬಿಟ್ಟುಕೊಟ್ಟ. ಉಳಿದವರು ನಿಂತೇ ಹೋದೆವು. ಹಿಂದಿರುಗುವಾಗಿನ ಕಥೆ ಇನ್ನೂ ಕೆಟ್ಟದ್ದು. ದಿನದ ಟಿಕೆಟ್ ಕೊಂಡವರಿಗೆ ಸೀಟು ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ ಎಂಬುದು, ಎರಡು ಬಸ್ಸುಗಳು ಭರ್ತಿಯಾಗಿ ನಮ್ಮನ್ನು ಬಿಟ್ಟುಹೋದ ಮೇಲೆ ತಿಳಿಯಿತು. ಮಂಡಿನೋವಿನ ಅತ್ತೆಯವರು ರಸ್ತೆಯಂಚಿನ ಕಟ್ಟೆಯ ಮೇಲೆ ಎರಡು ಗಂಟೆಗೂ ಹೆಚ್ಚು ಕುಳಿತಿದ್ದರು. ನೆರಳಿರಲಿಲ್ಲ, ಮುಂದಿನ ಬಸ್ಸು ಯಾವಾಗ ಎಂದು ಹೇಳುವವರೂ ಇರಲಿಲ್ಲ. ನನಗೆ ಮೊದಲೇ ಜನಜಂಗುಳಿ ಆಗದು. ಅಂದು ಜಲಪಾತದ ಮುಂದೆ ಇದ್ದ ನೂಕುನುಗ್ಗಲನ್ನು ನೋಡಿ ಜಾತ್ರೆಯ ದಿನದ ತೇರುಬೀದಿಯೇ ವಾಸಿ ಎನಿಸಿತು.

ಆದರೆ ಬಸ್ಸಿನ ಮೇಲಿನ ನನ್ನ ನಿಜವಾದ ದೂರು ತಡವಾದದ್ದರ ಕುರಿತಲ್ಲ. ಬಸ್ಸು ಕೊಲಂಬಿಯಾ ನದಿಯ ಮಟ್ಟದಲ್ಲಿ ನೇರವಾಗಿ ಸಾಗುವ 84ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಹೋಗುತ್ತದೆ, ಬೆಟ್ಟ ಸುತ್ತಿಕೊಂಡು ಹೋಗುವ ಹಳೆಯ ಹೆದ್ದಾರಿಯಲ್ಲಲ್ಲ. ದಾರಿಯಲ್ಲಿ ಬಲಗಡೆ ಕಡಿದಾದ ಬಂಡೆಯ ನೆತ್ತಿಯಲ್ಲಿ ಒಂದು ದುಂಡನೆಯ ಕಟ್ಟಡ ಕಾಣಿಸಿತು. "ಅಷ್ಟು ಎತ್ತರಕ್ಕೆ ರಸ್ತೆ ಹೇಗೆ ಹೋಗಿದೆ?" ಎಂದು ಮಾವನವರು ಕೇಳಿದರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಮೂವತ್ತು ವರ್ಷ ಘಾಟಿ ರಸ್ತೆಗಳ ಕೆಲಸ ಮಾಡಿಸಿದವರು ಅವರು. ಹನ್ನೊಂದು ವರ್ಷದಿಂದ ಇಲ್ಲೇ ಇರುವ ನನಗೆ ಉತ್ತರ ಗೊತ್ತಿರಲಿಲ್ಲ.

ಮುಂದಿನ ಮಂಗಳವಾರ ರಜೆ ಹಾಕಿ, ಕಾರಿನಲ್ಲಿ ಬೆಳಿಗ್ಗೆ ಆರಕ್ಕೇ ಹೊರಟೆವು. ಇಲ್ಲಿ ಮೊದಲ ಎಚ್ಚರಿಕೆ: ಫೋನಿನ ನಕ್ಷೆಗೆ ಕೊನೆಯ ಊರನ್ನು ಮಾತ್ರ ಹೇಳಿದರೆ ಅದು ನಿಮ್ಮನ್ನು 84ರಲ್ಲಿಯೇ ಓಡಿಸುತ್ತದೆ. 17ನೇ ನಿರ್ಗಮನದಲ್ಲಿ ಟ್ರೌಟ್‌ಡೇಲ್‌ಗೆ ಇಳಿದು, ವಿಮೆನ್ಸ್ ಫೋರಂ ವೀಕ್ಷಣಾ ತಾಣ, ಅಲ್ಲಿಂದ ವಿಸ್ಟಾ ಹೌಸ್, ಅಲ್ಲಿಂದ ಲಟೂರೆಲ್ ಜಲಪಾತ ಎಂದು ಒಂದೊಂದೇ ಹೆಸರು ಕೊಡುತ್ತ ಹೋಗಬೇಕು. ಆಗ ಮಾತ್ರ ಹಳೆಯ ಹೆದ್ದಾರಿ ಸಿಗುತ್ತದೆ.

ವಿಮೆನ್ಸ್ ಫೋರಂ ತಾಣದಲ್ಲಿ ಫೋಟೋ ತೆಗೆದುಕೊಂಡು ಎರಡೇ ನಿಮಿಷದಲ್ಲಿ ಹೊರಡುವವರೇ ಹೆಚ್ಚು. ಹಿಂದೆ ಅಲ್ಲಿ ಶಾಂಟಿಕ್ಲಿಯರ್ ಎಂಬ ಹೋಟೆಲು ಇತ್ತು. 1913ರ ಆಗಸ್ಟಿನಲ್ಲಿ ಈ ರಸ್ತೆಯನ್ನು ಮಾಡಿಯೇ ತೀರಬೇಕೆಂದು ಊರಿನ ಗಣ್ಯರು ಸೇರಿ ನಿಶ್ಚಯಿಸಿದ್ದು ಆ ಹೋಟೆಲಿನಲ್ಲಿ. ಅವರನ್ನು ಹುರಿದುಂಬಿಸಿದವನು ಸ್ಯಾಮ್ ಹಿಲ್. ಇವನು ರೈಲು ಕಂಪನಿಯ ವಕೀಲ, ರೈಲು ದೊರೆ ಜೇಮ್ಸ್ ಹಿಲ್‌ನ ಅಳಿಯ. ಆದರೂ ರೈಲನ್ನು ಬಿಟ್ಟು ರಸ್ತೆಯ ಹುಚ್ಚು ಹಿಡಿಸಿಕೊಂಡವನು. 1899ರಲ್ಲಿಯೇ ವಾಷಿಂಗ್ಟನ್ ರಾಜ್ಯದಲ್ಲಿ ಒಳ್ಳೆಯ ರಸ್ತೆಗಳಿಗಾಗಿ ಸಂಘ ಕಟ್ಟಿದ್ದನು. ನಿಸರ್ಗದ ಸೊಬಗೂ ಒಂದು ಬೆಳೆ, ಕೊಯ್ದಷ್ಟೂ ಬರಿದಾಗದ ಬೆಳೆ, ಅದನ್ನು ನೋಡಲು ಮೋಟಾರಿನಲ್ಲಿ ಬರುವವರಿಗೆ ರಸ್ತೆ ಮಾಡಿಕೊಟ್ಟರೆ ವರ್ಷವರ್ಷವೂ ಫಸಲು ತೆಗೆಯಬಹುದು ಎಂಬುದು ಅವನ ವಾದವಾಗಿತ್ತು. ಆದರೆ ವಾಷಿಂಗ್ಟನ್ ರಾಜ್ಯದ ಗವರ್ನರ್ ನದಿಯ ಉತ್ತರ ದಡದ ರಸ್ತೆಗೆ ಒಪ್ಪಲಿಲ್ಲ. ಆಗ ಹಿಲ್ ದಕ್ಷಿಣ ದಡದ ಓರೆಗಾನ್ ಕಡೆಗೆ ತಿರುಗಿದನು. 1913ರ ಫೆಬ್ರವರಿಯಲ್ಲಿ ಅಲ್ಲಿನ ಶಾಸಕರನ್ನು ರೈಲಿನಲ್ಲಿ ತನ್ನ ಮೇರಿಹಿಲ್ ಎಸ್ಟೇಟಿಗೆ ಕರೆಸಿ, ತನ್ನ ಹಣದಿಂದಲೇ ಮಾಡಿಸಿದ್ದ ರಸ್ತೆಯನ್ನು ತೋರಿಸಿದನು. ಓರೆಗಾನಿನ ರಾಜ್ಯ ಹೆದ್ದಾರಿ ಆಯೋಗ ಹುಟ್ಟಿದ್ದು ಅದೇ ವರ್ಷ. ಅಂದು ಕರೆದುಕೊಂಡು ಹೋಗಿ ತೋರಿಸಿದ ಆ ರಸ್ತೆ ಈಗಲೂ ಇದೆ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ವಿಸ್ಟಾ ಹೌಸ್ ಇರುವ ಕ್ರೌನ್ ಪಾಯಿಂಟ್ ನದಿಯಿಂದ 733 ಅಡಿ ಎತ್ತರದಲ್ಲಿದೆ. ಬಸ್ಸಿನಿಂದ ಕಂಡ ದುಂಡನೆಯ ಕಟ್ಟಡ ಇದೇ. 1918ರಲ್ಲಿ ಪೂರ್ಣಗೊಂಡ ಇದು ಮೋಟಾರು ಪ್ರವಾಸಿಗರ ವಿಶ್ರಾಂತಿಗೆ ಕಟ್ಟಿದ್ದು. ಒಳಗೆ ಅಮೃತಶಿಲೆ ಹಾಕಿಸಿ ಖರ್ಚು ಒಂದು ಲಕ್ಷ ಡಾಲರಿನ ಹತ್ತಿರಕ್ಕೆ ಹೋದಾಗ, ಇದು ಲಕ್ಷ ಡಾಲರಿನ ಪಾಯಿಖಾನೆ ಎಂದು ಆಗಿನವರು ಗೇಲಿ ಮಾಡಿದ್ದರಂತೆ. ಅತ್ತೆಯವರು ಆ ಗೇಲಿಯನ್ನು ಒಪ್ಪಲಿಲ್ಲ. ದಾರಿಯುದ್ದಕ್ಕೂ ಇಷ್ಟು ಶುಚಿಯಾದ ಜಾಗ ಮತ್ತೊಂದು ಸಿಗಲಿಲ್ಲವೆಂಬುದು ಅವರ ತೀರ್ಪು. ಇಲ್ಲಿಗೆ ಬರುವವರು ಗಾಳಿಯ ಬಗ್ಗೆ ಎಚ್ಚರವಾಗಿರಬೇಕು. ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದೇ ತೆರೆಯಿರಿ. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯುವುದು ಒಳ್ಳೆಯದು.

ಕ್ರೌನ್ ಪಾಯಿಂಟಿನಿಂದ ಇಳಿಯುವ ರಸ್ತೆಯೇ ಈ ಪ್ರವಾಸದ ತಿರುಳು. ಇದರ ಜಾಡನ್ನು ಗುರುತು ಮಾಡಿದ ಎಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್. 1908ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ರಸ್ತೆ ಸಮ್ಮೇಳನಕ್ಕೆ ಹಿಲ್ ಇವನನ್ನು ಕರೆದೊಯ್ದು, ಯುರೋಪಿನ ಬೆಟ್ಟದ ರಸ್ತೆಗಳನ್ನೆಲ್ಲ ತೋರಿಸಿಕೊಂಡು ಬಂದಿದ್ದನು. ನೂರು ಅಡಿ ಸಾಗಿದರೆ ಐದು ಅಡಿಗಿಂತ ಹೆಚ್ಚು ಏರಬಾರದು, ತಿರುವಿನ ತ್ರಿಜ್ಯ ನೂರು ಅಡಿಗಿಂತ ಕಡಿಮೆಯಿರಬಾರದು, ಅಗಲ 24 ಅಡಿ ಇರಬೇಕು: ಇವು ಅವನು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡುಗಳು. ಅದಕ್ಕಾಗಿಯೇ ಇಳಿಜಾರಿನಲ್ಲಿ ರಸ್ತೆ ಎಂಟರ ಅಂಕಿಯಂತೆ ಸುತ್ತಿಕೊಂಡು ಬರುತ್ತದೆ. ಮಾವನವರು ಎರಡು ಕಡೆ ಕಾರು ನಿಲ್ಲಿಸಲು ಹೇಳಿ, ಗಾರೆಯಿಲ್ಲದೆ ಬರಿಗಲ್ಲು ಪೇರಿಸಿ ಕಟ್ಟಿದ ತಡೆಗೋಡೆಯನ್ನು ಕೈಯಿಂದ ಸವರಿ ನೋಡಿದರು. ಅದು ಇಟಲಿಯಿಂದ ಬಂದ ಕಲ್ಲುಕುಟಿಗರ ಕೆಲಸ. "ನೇರ ಹೋಗಿದ್ರೆ ಖರ್ಚು ಅರ್ಧ ಆಗೋದು. ಇಷ್ಟು ಸುತ್ತಿಸಿರೋದು ಕೂತವರು ನೋಡಲಿ ಅಂತ, ಗೊತ್ತಾಯ್ತಾ ನಿಮಗೆ?" ಎಂದರು. ನಮ್ಮ ಹುಲಿಕಲ್ ಘಾಟಿಯಲ್ಲಿ ಊರು ತಲುಪುವುದಷ್ಟೇ ಲೆಕ್ಕ, ಇಲ್ಲಿ ತಲುಪುವುದನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ನಕ್ಕರು. ಇದನ್ನು ತಿಳಿದ ಮೇಲೆ ಬಸ್ಸಿನಲ್ಲಿ ಹೋದ ನಮ್ಮ ಶನಿವಾರ ಇನ್ನಷ್ಟು ಉರಿಯಿತು.

ಮಲ್ಟ್‌ನೋಮಾಕ್ಕೆ ಏಳೂವರೆಯೊಳಗೆ ತಲುಪಿದ್ದರಿಂದ ಹಳೆಯ ರಸ್ತೆಯ ಪಕ್ಕದಲ್ಲೇ ಜಾಗ ಸಿಕ್ಕಿತು. 620 ಅಡಿಯ ಜಲಪಾತದ ನಡುವೆ ಕಾಣುವ ಕಮಾನು ಸೇತುವೆ 1914ರದು. ಮರದ ವ್ಯಾಪಾರದಲ್ಲಿ ಸಿರಿವಂತನಾದ ಸೈಮನ್ ಬೆನ್ಸನ್ ಕೊಟ್ಟ ಹಣದಿಂದ ಆದದ್ದು. ಜಲಪಾತದ ಜಾಗವನ್ನೂ ಅವನೇ ಕೊಂಡು ಪೋರ್ಟ್‌ಲ್ಯಾಂಡ್ ನಗರಕ್ಕೆ ಕೊಟ್ಟನು. ರಸ್ತೆಯ ಹಣವೆಲ್ಲ ದಾನಿಗಳದಲ್ಲ, ಅದಕ್ಕೆ ನೆಲಗಟ್ಟು ಹಾಕಿಸಲು 1915ರಲ್ಲಿ ಮಲ್ಟ್‌ನೋಮಾ ಕೌಂಟಿಯ ಮತದಾರರು ಹನ್ನೆರಡೂವರೆ ಲಕ್ಷ ಡಾಲರಿನ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟಿದ್ದರು. 1916ರ ಜೂನ್ 7ರಂದು ಉದ್ಘಾಟನೆಯಾದಾಗ ಅಧ್ಯಕ್ಷ ವಿಲ್ಸನ್ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕುಳಿತು ಗುಂಡಿಯೊತ್ತಿ ಕ್ರೌನ್ ಪಾಯಿಂಟಿನಲ್ಲಿ ಬಾವುಟ ಬಿಚ್ಚಿಸಿದನು. ಎಂಟೂವರೆಗೆ ಜನ ಸೇರತೊಡಗಿದರು, ನಾವು ಹೊರಟೆವು.

ಮುಂದೆ ಹಳೆಯ ರಸ್ತೆ ತುಂಡಾಗುತ್ತದೆ, 84ಕ್ಕೆ ಸೇರಲೇಬೇಕು. 58ನೇ ನಿರ್ಗಮನದಲ್ಲಿರುವ ಮಿಚೆಲ್ ಪಾಯಿಂಟಿಗೆ ಪೂರ್ವಕ್ಕೆ ಹೋಗುವಾಗ ಮಾತ್ರ ಇಳಿಯಲು ಸಾಧ್ಯ, ಮರಳುವಾಗ ನೋಡೋಣವೆಂದು ಬಿಟ್ಟರೆ ತಪ್ಪಿಹೋಗುತ್ತದೆ. ಸ್ವಿಟ್ಜರ್ಲೆಂಡಿನ ಆಕ್ಸೆನ್‌ಸ್ಟ್ರಾಸ್ಸೆಯ ಕಿಟಕಿಯಿರುವ ಸುರಂಗವನ್ನು ಮಾದರಿಯಾಗಿಟ್ಟುಕೊಂಡು 1915ರಲ್ಲಿ ಇಲ್ಲಿ ಬಂಡೆ ಕೊರೆದು ಐದು ಕಿಟಕಿಗಳ ಸುರಂಗ ಮಾಡಿದ್ದರು. ಅಂತರರಾಜ್ಯ ಹೆದ್ದಾರಿಯನ್ನು ಅಗಲಗೊಳಿಸಲು 1966ರಲ್ಲಿ ಅದನ್ನು ಸಿಡಿಸಿ ಕೆಡವಿದರು. ಈಗ ಅದೇ ಬಂಡೆಯಲ್ಲಿ ಮತ್ತೆ ಐದು ಕಿಟಕಿಗಳ ಹೊಸ ಸುರಂಗ ಕೊರೆದು 2025ರಲ್ಲಿ ತೆರೆದಿದ್ದಾರೆ. ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಮಾತ್ರ. ಕೆಡವಿದ್ದಕ್ಕೊಂದು ಟೆಂಡರು, ಕೊರೆಯುವುದಕ್ಕೊಂದು ಟೆಂಡರು, ಇದು ಎಲ್ಲ ದೇಶದಲ್ಲೂ ಒಂದೇ ಎಂದು ಮಾವನವರು ಗೊಣಗಿದರೂ ಒಂದೊಂದು ಕಿಟಕಿಯಲ್ಲೂ ಐದೈದು ನಿಮಿಷ ನಿಂತರು.

ಊಟಕ್ಕೆ ಹುಡ್ ರಿವರ್ ಪಟ್ಟಣದಲ್ಲಿ ನಿಲ್ಲಬೇಡಿ; ಅಲ್ಲಿ ಒಂದು ಸ್ಯಾಂಡ್‌ವಿಚ್ಚಿಗೆ ಕೇಳುವ ಬೆಲೆಯಲ್ಲಿ ಮುಂದಿನ ಊರಿನಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ. ಮೋಸಿಯರಿನಲ್ಲಿ ಮತ್ತೆ ಹಳೆಯ ರಸ್ತೆ ಹಿಡಿದು, ರೋವೀನಾ ತಿರುವುಗಳನ್ನು ಇಳಿದು, ದ ಡಾಲ್ಸ್ ಎಂಬ ಊರಿಗೆ ಬನ್ನಿ. ಅಲ್ಲಿ ಟೈರ್ ಅಂಗಡಿಯ ಪಕ್ಕದಲ್ಲಿ ನಿಂತಿದ್ದ ಮೆಕ್ಸಿಕನ್ ತಿಂಡಿ ಗಾಡಿಯೊಂದರಲ್ಲಿ ನಾವು ಉಂಡ ಊಟವನ್ನು ಮನೆಯವರೆಲ್ಲ ಇನ್ನೂ ನೆನೆಯುತ್ತಾರೆ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಬೇಕು: ಇಂಥ ಕಡೆ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬನ್ನೂ ಅನ್ನಕ್ಕೆ ಕೋಳಿಯ ಸಾರನ್ನೂ ಹಾಕುವುದುಂಟು. ಕೊಬ್ಬಿಗೆ ಅವರ ಮಾತಿನಲ್ಲಿ 'ಮಾಂತೇಕಾ' ಎನ್ನುತ್ತಾರೆ. ಆ ಒಂದು ಪದ ತಿಳಿದಿದ್ದರೆ ಸಾಕು. ನಾನು ಕೇಳಿದಾಗ ಗಾಡಿಯ ಹೆಂಗಸು ತಲೆಯಾಡಿಸಿ, ಅಡುಗೆ ಎಣ್ಣೆಯ ಡಬ್ಬಿಯನ್ನೇ ಎತ್ತಿ ತೋರಿಸಿದಳು. ಅನ್ನ ಮಾತ್ರ ಬೇಡವೆಂದು ಅವಳೇ ಕೈಯಾಡಿಸಿದಳು. ಹೆಂಚಿನಿಂದ ಆಗತಾನೇ ಇಳಿದ ಜೋಳದ ರೊಟ್ಟಿ (ನಮ್ಮದಲ್ಲ, ಮುಸುಕಿನ ಜೋಳದ್ದು), ಕಪ್ಪು ಕಾಳು, ಸುಟ್ಟ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ಹಿಂಡಿದ ನಿಂಬೆ. ಒಬ್ಬರಿಗೆ ಹತ್ತು ಡಾಲರೂ ಆಗಲಿಲ್ಲ. ಹೊರಗಿನ ಊಟವೆಂದರೆ ಮೂಗು ಮುರಿಯುವ ಅತ್ತೆಯವರು ಎರಡನೆಯ ಸಲ ಹಸಿರು ಚಟ್ನಿ ಹಾಕಿಸಿಕೊಂಡು, ಅದರಲ್ಲಿ ಏನೇನಿದೆ ಎಂದು ಕೈಸನ್ನೆಯಲ್ಲೇ ಕೇಳಿ ತಿಳಿದುಕೊಂಡರು.

ಅಲ್ಲಿಂದ ಪೂರ್ವಕ್ಕೆ ಇಪ್ಪತ್ತು ಮೈಲಿ ಹೋಗಿ, ಬಿಗ್ಸ್ ಎಂಬಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಸೇತುವೆ ದಾಟಿದರೆ ಮೇರಿಹಿಲ್. ವಸ್ತುಸಂಗ್ರಹಾಲಯವನ್ನು ನೋಡಲು ನಮಗೆ ಸಮಯ ಉಳಿಯಲಿಲ್ಲ. ಶಾಸಕರಿಗೆ ತೋರಿಸಲೆಂದು ಹಿಲ್ ಮಾಡಿಸಿದ ಸುರುಳಿ ರಸ್ತೆ ಇಲ್ಲಿನ ಬೋಳು ಗುಡ್ಡದ ಮೇಲಿದೆ. ಈಗ ಅಲ್ಲಿ ವಾಹನ ಬಿಡುವುದಿಲ್ಲ, ನಡೆದೇ ಹತ್ತಬೇಕು. ಬೆಳಿಗ್ಗೆ ಅಥವಾ ಸಂಜೆ ಹೋಗಿ. ಒಂದು ಮರದ ನೆರಳೂ ಇಲ್ಲ, ಕುಡಿಯುವ ನೀರೂ ಇಲ್ಲ, ಹುಲ್ಲಿನಲ್ಲಿ ಹಾವುಗಳಿವೆ, ಡಾಂಬರು ಬಿಟ್ಟು ಇಳಿಯಬೇಡಿ. ನಾವು ಹೋದಾಗ ಇನ್ನೊಬ್ಬರು ಇರಲಿಲ್ಲ. ಮಾವನವರು ಮೂರನೆಯ ತಿರುವಿನವರೆಗೆ ಹತ್ತಿ, ರಸ್ತೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು, ಅಂಗೈಯ ಮೇಲೆ ಏನನ್ನೋ ಬರೆದುಕೊಂಡು ಇಳಿದು ಬಂದರು.